ಇಪ್ಪತ್ತೇಳಕ್ಕೆ ಎದ್ದು ಕೂರ್ತಾಳೆ

ಇಲ್ಲ ಚಂದ್ರಕ್ಕ, ಇನ್ನೊಂದು ಪುಸ್ತಕ ಬ್ಯಾಡ. ಇದನ್ನ ವಾಪಸ್ ಇಟ್ಕಳ್ರಿ. ನಿಮ್ಮ ಲೈಬ್ರರಿ ರಿಜಿಸ್ಟರ್‌ನಾಗೆ ಅಂಜಲಿ ಹೆಸರಿನ ಮುಂದೆ, ಅವರವ್ವ ಮಲ್ಲಕ್ಕ ತಂದು ಕೊಟ್ಲು ಅಂತ ಬರೀರಿ, ಸಾಕು... ಕುಂತ್ಕಳಲ್ಲ, ಹೋಗ್ಬೇಕು. ಮನ್ಯಾಗೆ ನಾಕು ಎಳೇ ಮರಿ ಅವೆ, ಸೊಪ್ಪು ಹಾಕಿಲ್ಲ ಇನ್ನೂ. ಬಬ್ಬೂರು ಫಾರಂನಾಗೆ ಕಳೆ ಕೀಳಾಕೆ ಕರೆದಿದ್ರು, ಅದಕ್ಕೂ ಹೋಗಿಲ್ಲ ಇವತ್ತು... ಸರಿ, ಕುಂತ್ಕಂಡೆ ನೋಡ್ರಿ. ನೀರು ಬ್ಯಾಡ.

ಯಾಕ್ ನಗ್ತೀರಿ? ಮಕ್ಕಳ ಪುಸ್ತಕದ ಮ್ಯಾಲೆ ಇವಳಿಗೆ ಏನ್ ಸಿಟ್ಟು ಅಂತಾನಾ? ಹತ್ತೊಂಬತ್ತು ರಾತ್ರಿ ಆತು ಚಂದ್ರಕ್ಕ, ನನ್ನ ಮಗಳು ನೆಟ್ಟಗೆ ನಿದ್ದೆ ಮಾಡಿ. ಏಳು ವರ್ಷದ ಕೂಸು. ನಿನ್ನೆ ಸ್ಕೂಲ್ನಾಗೆ ಪ್ರಾರ್ಥನೆಗೆ ನಿಂತೋಳು ನಿಂತಂಗೇ ಕುಸಿದು ಬಿದ್ಲಂತೆ. ಅವರ ಮೇಡಂ ಫೋನ್ ಮಾಡಿ ಬೈದ್ರು, ರಾತ್ರಿ ಹೊತ್ತು ಮೊಬೈಲ್ ಕೊಡ್ತೀರೇನ್ರಿ ಅಂತ. ಮೊಬೈಲ್ ಅಲ್ಲ ಮೇಡಂ, ಪುಸ್ತಕ ಅಂದೆ. ಅವರೂ ನಿಮ್ಮಂಗೇ ನಕ್ಕರು.

ಇಲ್ಲಿ ನೋಡ್ರಿ, ಈ ಹಾಳೆ. ನಂಗೆ ಓದಾಕೆ ಅಷ್ಟು ಬರಲ್ಲ, ಆದ್ರೆ ಅವಳು ಓದೀ ಓದೀ ನಂಗೂ ಬಾಯಿಪಾಠ ಆಗೈತೆ. ಪುಟ್ಟಿಗೆ ನಿದ್ದೆ ಬರಲಿಲ್ಲ. ಪುಟ್ಟಿ ಆ ಕಡೆ ಹೊರಳಿದಳು, ಈ ಕಡೆ ಹೊರಳಿದಳು. ಅಮ್ಮ ಹೇಳಿದಳು, ಕಣ್ಣು ಮುಚ್ಚಿ ಕುರಿ ಎಣಿಸು. ಒಂದು ಕುರಿ ಬೇಲಿ ಹಾರಿತು. ಎರಡನೇ ಕುರಿ ಬೇಲಿ ಹಾರಿತು... ಯಾರ್ರೀ ಬರೆದಿದ್ದು ಇದನ್ನ? ಒಂದು ಕುರಿನಾದ್ರೂ ಸಾಕ್ಯಾರಾ? ಹಾಲಿನಾಗೆ ತೊಳೆದಂಗೆ ಬೆಳ್ಳಗೆ ಅವೆ. ಒಂದಕ್ಕಾದ್ರೂ ಗುರುತು ಐತಾ? ಹಿಂದೆ ಒಬ್ಬ ಮನುಷ್ಯ ಇಲ್ಲ, ಒಂದು ಕೋಲಿಲ್ಲ. ರಾತ್ರಿ ಹೊತ್ತು ಕುರಿ ಬೇಲಿ ಹಾರಿ ಹೋಗ್ತಾವೆ, ಈ ಹುಡುಗಿ ಎಣಿಸ್ಕಂತ ಮಲಗ್ತಾಳೆ. ನಮ್ಮ ಹಟ್ಟಿಯಾಗೆ ಒಂದು ಕುರಿ ಬೇಲಿ ಹಾರಿದ್ರೆ ಮಲಗಿದ್ದೋರೆಲ್ಲ ಎದ್ದು ಓಡ್ತಾರೆ. ನಮಗೆ ಎಣಿಸೋದು ಅಂದ್ರೆ ನಿದ್ದೆ ಬರ್ಸೋ ಕೆಲಸ ಅಲ್ಲ ಚಂದ್ರಕ್ಕ. ಸಂಜೆ ರೊಪ್ಪಕ್ಕೆ ಕುರಿ ಕೂಡುವಾಗ ಎಣಿಸ್ತೀವಿ. ಒಂದು ಕಮ್ಮಿ ಬಂತು ಅಂದ್ರೆ ಅವತ್ತು ಊಟಾನೂ ಇಲ್ಲ, ಹುಡುಕ್ಕಂತ ಹೋಗೋದೇ. ನೀವು ಹಿರಿಯೂರಿಂದ ಬಸ್ಸಿಗೆ ಬಂದು ಬಸ್ಸಿಗೆ ಹೋಗೋರು, ನಿಮಗಿದು ಗೊತ್ತಾಗಲ್ಲ.

ಗೊತ್ತು, ಬೇರೆವೂ ಕೊಟ್ಟಿದ್ರಿ. ಆನೆ ಮರಿದು ಕೊಟ್ರಿ, ಆನೆ ಮರಿ ಮಲಗ್ತು. ಗೂಬೆ ಮರಿದು ಕೊಟ್ರಿ, ಗೂಬೆನೂ ಮಲಗ್ತು. ಕೊನೇ ಹಾಳೆ ಬರೋತ್ತಿಗೆ ಚಂದ್ರನೂ ಕಣ್ಣು ಮುಚ್ಚಿರ್ತಾನೆ. ನನ್ನ ಮಗಳು ಮಾತ್ರ ಪುಸ್ತಕ ಮಡಚಿ ಎದೆ ಮ್ಯಾಲೆ ಇಟ್ಕಂಡು ಮೇಲಿನ ಶೀಟು ನೋಡ್ತಾಳೆ. ನಂಗೆ ಎಚ್ಚರ ಆದಾಗೆಲ್ಲ ನೋಡ್ತೀನಲ್ಲ. ಎಣಿಸ್ತಿರ್ತಾಳೆ, ತುಟಿಯಾಗೇ. ಒಂದು, ಎರಡು, ಮೂರು... ಇಪ್ಪತ್ತೇಳಕ್ಕೆ ನಿಲ್ಲಿಸ್ತಾಳೆ. ಎದ್ದು ಕೂರ್ತಾಳೆ. ಮತ್ತೆ ಒಂದರಿಂದ. ಕುರಿ ಬ್ಯಾಡ, ಹುಣಸೆ ಬೀಜ ಎಣಿಸು ಅಂದೆ. ತೆಂಗಿನಕಾಯಿ ಎಣಿಸು ಅಂದೆ. ಅವಕ್ಕೆ ಕಾಲಿಲ್ಲ ಅವ್ವ, ಅವು ಎಲ್ಲೂ ಹೋಗಲ್ಲ, ಯಾಕೆ ಎಣಿಸ್ಬೇಕು ಅಂದ್ಲು.

ಯಾಕೆ ಇಪ್ಪತ್ತೇಳು ಅಂದ್ರೆ ನಂಗೇನು ಗೊತ್ತು? ಮಕ್ಕಳು, ಏನೋ ಒಂದು ಹಿಡ್ಕಂಡಿರ್ತಾವೆ.

ಮಾಡದೇ ಇರೋದು ಏನೂ ಉಳಿದಿಲ್ಲ. ನಮ್ಮತ್ತೆ ತಿಪ್ಪಮ್ಮ ಮೂರು ಸಲ ದೃಷ್ಟಿ ತೆಗೆದ್ರು. ತಾಯ್ತ ಕಟ್ಸಿದ್ವಿ. ನೆತ್ತಿಗೆ ಎಣ್ಣೆ ತಟ್ಟಿದೆ, ಬಿಸಿ ಹಾಲು ಕುಡಿಸಿದೆ. ಹಿರಿಯೂರಿಗೆ ಕರ್ಕಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಟಾನಿಕ್ ಬರೆದ್ರು. ಮಗು ಏನಾದ್ರೂ ನೋಡಿ ಹೆದರ್ಕಂಡಿತ್ತಾ ಅಂತ ಕೇಳಿದ್ರು. ಏನೂ ಇಲ್ಲ ಅಂದೆ... ಹೂಂ, ಏನೂ ಇಲ್ಲ ಅಂತಾನೇ ಅಂದೆ. ಹೈವೇದು ಹೇಳಾಕೆ ಹೋದ್ರೆ ದೊಡ್ಡ ಕತೆ ಆಗ್ತೈತೆ ಅಂತ.

ಅದು ನಿಮಗೂ ಗೊತ್ತಿರೋದೇ. ಅವತ್ತು ಅಂಜಲಿ ಅಪ್ಪ ಹೊಸದುರ್ಗಕ್ಕೆ ಮದುವೆಗೆ ಹೋಗಿದ್ರು, ಅತ್ತೆನೂ ಜತೆಗೆ. ಮನ್ಯಾಗೆ ನಾನು, ಮಗಳು, ಇಬ್ರೇ. ಇವಳು ಮರಿ ನೋಡ್ತೀನಿ ಅಂತ ರೊಪ್ಪಕ್ಕೆ ಹೋದ್ಲು, ಬರುವಾಗ ಬಾಗಿಲಿನ ತಡಿಕೆ ಕಟ್ಟದೇ ಬಂದ್ಲು. ರಾತ್ರಿ ಕುರಿ ಆಚೆ ಬಂದ್ವು. ಒಂದರ ಹಿಂದೆ ಒಂದು. ಹೈವೇ ನಮ್ಮ ಹಟ್ಟಿಗೆ ಕೂಗಳತೆ... ಲಾರಿ... ಹದಿನಾಲ್ಕು ಕುರಿ ಚಂದ್ರಕ್ಕ. ಬ್ಯಾಡ, ಆ ಮಾತು ಬ್ಯಾಡ ಈಗ.

ಮಗು ಮಾಡಿದ ತಪ್ಪು, ಏನ್ ಮಾಡಾಕಾಗ್ತೈತೆ? ನಾನು ಒಂದು ಮಾತು ಬೈದಿಲ್ಲ. ಹಟ್ಟಿಯಾಗೆ ಯಾರನ್ನ ಬೇಕಾದ್ರೂ ಕೇಳ್ರಿ, ಒಂದೇಟು ಹೊಡೆದಿಲ್ಲ. ಅವರಪ್ಪನೂ ಹೊಡೀಲಿಲ್ಲ. ಹೊಡೆದಿದ್ರೇ ಚೆನ್ನಾಗಿತ್ತು. ಮಾತು ಬಿಟ್ಟಾರೆ. ಮೊದಲೆಲ್ಲ ಉಣ್ಣಾಕೆ ಕುಂತ್ರೆ ಅಂಜಲಿ ತೊಡೆ ಮ್ಯಾಲೆ ಇರ್ಬೇಕಿತ್ತು, ಮೊದಲ ತುತ್ತು ಅವಳಿಗೆ. ಈಗ ಉಳಿದ ಕುರಿ ಹೊಡ್ಕಂಡು ಬಿ.ದುರ್ಗದ ಕಡೆ ಹೋಗ್ಯಾರೆ, ರೈತರ ಹೊಲದಾಗೆ ಗೊಬ್ಬರಕ್ಕೆ ಅಂತ ಮಂದೆ ನಿಲ್ಸಾಕೆ. ದಿನಾ ಸಂಜೆ ಫೋನ್ ಮಾಡ್ತಾರೆ. ಅವ್ವ ಹೆಂಗೈತೆ, ಮರಿ ಮೇಯ್ತಾವಾ, ಅಷ್ಟೇ. ಅಂಜಲಿ ಹೆಸರು ಎತ್ತಲ್ಲ. ಇವಳು ನನ್ನ ಬಾಯಿ ನೋಡ್ಕಂತ ಪಕ್ಕದಾಗೆ ನಿಂತಿರ್ತಾಳೆ. ಫೋನ್ ಇಟ್ಟ ಮ್ಯಾಲೆ, ಅಪ್ಪ ಏನಂತು ಅಂತ ಕೇಳ್ತಾಳೆ. ನಿನ್ನನ್ನೇ ಕೇಳ್ತು ಕಣವ್ವ ಅಂತೀನಿ. ಸುಳ್ಳು ಅಂತ ಅವಳಿಗೂ ಗೊತ್ತು.

ನಿಮ್ಮ ಬೀರುವಿನಾಗೆ ಅಂಥದ್ದು ಒಂದಾದ್ರೂ ಐತಾ? ತಪ್ಪು ಮಾಡಿದ ಮಗಳನ್ನ ಅಪ್ಪ ಮತ್ತೆ ಮಾತಾಡ್ಸೋ ಪುಸ್ತಕ? ಇದ್ರೆ ಅದನ್ನ ಕೊಡ್ರಿ, ಒಯ್ತೀನಿ. ಇಲ್ಲ ಅಲ್ವಾ.

ಅದಕ್ಕೇ ಬಂದೆ. ಒಂದು ಉಪಕಾರ ಮಾಡ್ರಿ. ನಿಮ್ಮ ಮಾತು ಅಂದ್ರೆ ಅವಳಿಗೆ ಮುಗೀತು, ನಾನು ಹೇಳಿದ್ದು ಯಾವುದೂ ಲೆಕ್ಕಕ್ಕಿಲ್ಲ. ಸಾಯಂಕಾಲ ಸ್ಕೂಲ್ ಬಿಟ್ಟು ಇಲ್ಲಿಗೆ ಬರ್ತಾಳಲ್ಲ, ಆಗ ಹೇಳ್ರಿ, ಈ ಪುಸ್ತಕ ತಪ್ಪು ಅಂತ. ಇನ್ಮ್ಯಾಲೆ ಯಾರೂ ಕುರಿ ಎಣಿಸ್ಬಾರದು ಅಂತ ಸರ್ಕಾರದಿಂದ ಬರೆದು ಕಳ್ಸ್ಯಾರೆ ಅಂತ ಹೇಳ್ರಿ, ನಂಬ್ತಾಳೆ. ಅವಳ ಕಣ್ಣೆದುರಿಗೇ ಬೀರುವಿನಾಗಿಟ್ಟು ಬೀಗ ಹಾಕ್ರಿ. ಬೇಕಾದ್ರೆ ಹರಿದು ಹಾಕ್ರಿ. ಇದರಿಂದಾನೇ ಇಷ್ಟೆಲ್ಲ ಆಗಿದ್ದು. ಅವತ್ತು ರಾತ್ರಿ ಇದನ್ನ ಓದದೇ ಇದ್ದಿದ್ರೆ...

ಹೂಂ, ಅವತ್ತು ರಾತ್ರಿನೂ ಇದನ್ನೇ ಓದ್ತಿದ್ಲು. ಊಟ ಆಗಿತ್ತು. ನಾನು ಚಾಪೆ ಹಾಕ್ಕಂಡು ಅಡ್ಡಾಗಿದ್ದೆ. ಇವಳು ನನ್ನ ತೋಳಿನ ಮ್ಯಾಲೆ ತಲೆ ಇಟ್ಕಂಡು ನಂಗೇ ಓದಿ ಹೇಳ್ತಿದ್ಲು. ಬೆಳಗಿಂದ ಫಾರಂ ಕೆಲಸ, ಸಂಜೆ ಕುರಿ, ಎಲ್ಲದಕ್ಕೂ ನಾನೊಬ್ಬಳೇ... ಕಣ್ಣು ಎಳೀತಿದ್ವು. ಅವಳ ದನಿ ಬೇರೆ ಸಣ್ಣಗೆ, ಒಂದು ಕುರಿ, ಎರಡನೇ ಕುರಿ...

ಏನು? ಏನೂ ಅಂದಿಲ್ವಾ? ಮತ್ತೆ ಯಾಕ್ ಕನ್ನಡಕ ತೆಗೆದ್ರಿ?

ಮರಿ ನೋಡಾಕೆ ಹೋಗಿದ್ದು ಅದಕ್ಕೂ ಮೊದಲು. ಉಣ್ಣೋಕೂ ಮೊದಲು... ಕುರಿ ಕೂಡಿದ್ದು ನಾನೇ, ಹೌದು. ಮರಿಗಳಿಗೆ ಹಾಲು ಕುಡ್ಸಿದ್ದೂ ನಾನೇ. ಇವಳು ಆವಾಗ ಒಲೆ ಮುಂದೆ ಕುಂತು ಕಾಪಿ ಬರೀತಿದ್ಲು. ಆಮ್ಯಾಲೆ ಮುದ್ದೆಗೆ ಇಟ್ಟೆ... ಉಂಡ್ವಿ... ಅದರ ಮಧ್ಯದಾಗೆ ಯಾವಾಗ್ಲೋ ಹೋಗಿದ್ಲು. ಹೋಗಿರ್ಬೇಕು. ನಂಗೆ ಅಷ್ಟು ನೆನಪಿಲ್ಲ ಬಿಡ್ರಿ.

ಪೊಲೀಸರು ಕೇಳಿದಂಗೆ ಕೇಳ್ಬ್ಯಾಡ್ರಿ. ಕೇಳಿಲ್ಲ, ಗೊತ್ತು. ಬಾಯಿಬಿಟ್ಟು ಕೇಳಿಲ್ಲ. ನೋಡ್ತಿದ್ದೀರಲ್ಲ ಹಂಗೆ.

ಅವಳು ಹೇಳ್ಯಾಳೆ. ಅಲ್ವಾ? ದಿನಾ ಸಾಯಂಕಾಲ ನಿಮ್ಮ ಪಕ್ಕದಾಗೇ ಬಂದು ಕೂರ್ತಾಳೆ, ನಿಮ್ಮ ಹತ್ರ ಹೇಳದೇ ಇರ್ತಾಳಾ? ಅದಕ್ಕೇ ಸುಮ್ಕೆ ಕುಂತೀರಿ, ನಾನೇ ಬಾಯಿ ಬಿಡ್ಲಿ ಅಂತ... ಬಾಗಿಲು ಸ್ವಲ್ಪ ಮುಂದಕ್ಕೆ ಹಾಕ್ರಿ. ಪಂಚಾಯ್ತಿಗೆ ಬಂದೋರು ಕೇಳಿಸ್ಕಂತಾರೆ.

ತಡಿಕೆ ಕಟ್ಟದೇ ಬಂದಿದ್ದು ನಾನು. ಒಂದು ಕೈಯಾಗೆ ಹಾಲಿನ ಚೆಂಬು, ಇನ್ನೊಂದು ಕೈಯಾಗೆ ಕುಂಟೋ ಮರಿ. ಮರಿನ ಮನೆ ಒಳಗೆ ಬಿಟ್ಟು ಬಂದು ಕಟ್ತೀನಿ ಅಂದ್ಕಂಡೆ. ಮರೆತೆ. ಉಂಡೆ. ಅಡ್ಡಾದೆ. ಇವಳು ಓದ್ತಿದ್ಲು, ಆರನೇ ಕುರಿ, ಏಳನೇ ಕುರಿ... ಎಲ್ಲೋ ಒಂದು ಕಡೆ ಜೊಂಪು ಹತ್ತಿತು. "ಅವ್ವ, ಕುರಿ ಹೋಗ್ತಾವೆ" ಅಂದ್ಲು. ಕೇಳಿಸ್ತು ನಂಗೆ. ಕೇಳಿಸಲಿಲ್ಲ ಅಂತ ಹೆಂಗೆ ಹೇಳ್ಲಿ. ಭುಜ ಹಿಡಿದು ಅಲ್ಲಾಡಿಸಿದ್ಲು. "ಅವ್ವ, ಕುರಿ ಆಚೆ ಹೋಗ್ತಾವೆ." ಪುಸ್ತಕದಾಗಿನ ಕುರಿ ಅಂದ್ಕಂಡೆ ಚಂದ್ರಕ್ಕ. ದೇವ್ರಾಣೆ, ಪುಸ್ತಕದ್ದು ಅಂದ್ಕಂಡೆ. "ಹೂಂ, ಎಣಿಸ್ಕಂತ ಮಲಗು" ಅಂದೆ.

ಎಣಿಸಿದ್ಲು. ಅವ್ವ ಹೇಳೈತಲ್ಲ. ಕಿಟಕಿ ಹತ್ರ ಹೋಗಿ ನಿಂತು, ಬೀದಿ ದೀಪದ ಬೆಳಕಿನಾಗೆ ಒಂದೊಂದೇ ಹೋಗೋದನ್ನ ಎಣಿಸಿದ್ಲು. ಇಪ್ಪತ್ತೇಳಕ್ಕೆ ಹೈವೇ ಕಡೆಯಿಂದ ಬ್ರೇಕ್ ಹಾಕಿದ ಸದ್ದು. ನಾನು ಗಾಬರಿ ಬಿದ್ದು ಎದ್ದಾಗ ಸರಳು ಹಿಡ್ಕಂಡು ನಿಂತಿದ್ಲು. ನನ್ನ ಕಡೆ ತಿರುಗಿ, "ಇಪ್ಪತ್ತೇಳು ಅವ್ವ" ಅಂದ್ಲು.

ಬೆಳಿಗ್ಗೆ ಅವರಪ್ಪ ಬಂದ್ರು. ರಸ್ತೆ ನೋಡ್ಕಂಡೇ ಬಂದಿದ್ರು. ರೊಪ್ಪದ ತಡಿಕೆ ಕಟ್ಟಿದ್ದು ಯಾರು ಅಂತ ಒಂದೇ ಮಾತು ಕೇಳಿದ್ರು. ಅವರ ಹಿಂದೆ ನಮ್ಮತ್ತೆ ನಿಂತಿದ್ರು. ಹೆದರಿದೆ. ತವರಿಗೆ ಅಟ್ತಾರೆ, ಕುರಿ ಕಾಯೋಳು ಮಲಗಿದ್ಲು ಅಂತ ನಾನು ಸಾಯೋ ತಂಕ ಹಟ್ಟಿ ಮಂದಿ ಆಡ್ಕಂತಾರೆ ಅನ್ನಿಸ್ತು. ಬಾಯಿಂದ ಬಂದೇಬಿಡ್ತು, ಅಂಜಲಿ ಮರಿ ನೋಡಾಕೆ ಹೋಗಿದ್ಲು ಅಂತ. ಮಗು ಅಂದ್ರೆ ಎರಡು ದಿನ ಬೈದು ಮರೀತಾರೆ ಅಂದ್ಕಂಡೆ. ಅವರಪ್ಪ ಇವಳ ಕಡೆ ತಿರುಗಿ, ಹೌದೇನವ್ವ ಅಂದ್ರು. ಇವಳು ನನ್ನ ಮುಖ ನೋಡಿದ್ಲು. ನಾನು ನೆಲ ನೋಡಿದೆ. "ಹೂಂ ಅಪ್ಪ" ಅಂದ್ಲು.

ಅಷ್ಟೇ. ಇದನ್ನೇ ಅಲ್ವಾ ಅವಳು ನಿಮಗೆ ಹೇಳಿದ್ದು?

ಯಾಕ್ ತಲೆ ಅಲ್ಲಾಡಿಸ್ತೀರಿ? ಹೇಳಿಲ್ವಾ? ನಾನು ಮಲಗಿದ್ದು, ಅವಳು ಎಬ್ಬಿಸಿದ್ದು... ಒಂದೂ ಹೇಳಿಲ್ವಾ? ಮತ್ತೆ ಏನಂದ್ಲು?... ತಡಿಕೆ ಬಿಟ್ಟಿದ್ದು ತಾನೇ ಅಂದ್ಲಾ? ನಿಮ್ಮ ಹತ್ರನೂ ಹಂಗೇ ಅಂದ್ಲಾ?

ಅಳ್ಬ್ಯಾಡ್ರಿ ಚಂದ್ರಕ್ಕ. ನೀವು ಅತ್ರೆ ನಾನೆಲ್ಲಿಗೆ ಹೋಗ್ಲಿ. ಬೈದುಬಿಡ್ರಿ, ಏನಾದ್ರೂ ಒಂದು ಅನ್ರಿ.

ಫೋನ್ ಯಾಕ್ ನನ್ನ ಮುಂದೆ ಸರಿಸಿದ್ರಿ ಅಂತ ಗೊತ್ತು. ಮಾಡ್ತೀನಿ. ಈ ಹೊತ್ತಿಗೆ ಅಂಜಲಿ ಅಪ್ಪ ಕುರಿ ನೆಳ್ಳಿಗೆ ಬಿಟ್ಟು ಬುತ್ತಿ ಬಿಚ್ಚಿರ್ತಾರೆ, ಎತ್ತುತಾರೆ. ಏನಂತಾರೋ ಅನ್ಲಿ, ತವರಿಗೆ ಹೋಗು ಅಂದ್ರೆ ಹೋಗ್ತೀನಿ. ಒಂದು ನಿಮಿಷ ತಡೀರಿ. ಇನ್ನೂ ಒಂದು ಮಾತೈತೆ. ಅದನ್ನ ಅವರಿಗೆ ಹೇಳೋಕೆ ಬಾಯಿ ಬರಲ್ಲ, ನಿಮಗೆ ಹೇಳಿಬಿಡ್ತೀನಿ.

ನಿದ್ದೆ ಬರಲ್ಲ, ಬರಲ್ಲ ಅಂತ ಆವಾಗಿಂದ ಹೇಳಿದೆನಲ್ಲ... ಬರ್ತೈತೆ ಅವಳಿಗೆ. ರೆಪ್ಪೆ ತಾನಾಗೇ ಮುಚ್ಕಂತಾವೆ. ಚಿವುಟ್ಕಂಡು ಎದ್ದು ಕೂರ್ತಾಳೆ. ನೀರು ಹಾಕುವಾಗ ನೋಡಿದೆ, ತೊಡೆ ಮ್ಯಾಲೆಲ್ಲ ಚಿವುಟಿದ ಗುರುತು. ರಾತ್ರಿ ದೀಪ ಆರಿಸಿದ ಮ್ಯಾಲೆ ಕತ್ತಲಾಗೆ ನನ್ನ ತಲೆ ಸವರ್ತಾಳೆ. "ಕೆಲಸ ಮಾಡಿ ಸುಸ್ತಾಗಿರ್ತೀಯ, ನೀನು ಮಲಕ್ಕಳವ್ವ. ನಾನು ಎದ್ದಿರ್ತೀನಿ" ಅಂತಾಳೆ.

ನಾನು ಮಲಕ್ಕಂತೀನಿ ಚಂದ್ರಕ್ಕ. ಅವಳು ಹಂಗಂದ ತಕ್ಷಣ ನಂಗೆ ನಿದ್ದೆ ಬಂದುಬಿಡ್ತೈತೆ.