ಕಾರಂಜಿಗೆ ಹಚ್ಚಿದ ಬಿಳಿ

ಒಗೆದ ಬಟ್ಟೆ ಹರವಿ, ಮಗಳು ಬರೆದ ಬೆಕ್ಕಿನ ಚಿತ್ರಕ್ಕೆ ಫ್ರೇಮ್ ಹಾಕಿಸಲು ಅಂಗಡಿಗೆ ಹೋಗಿದ್ದೆ. ನನಗಿಂತ ಮುಂದೆ ಬೆಂಚಿನ ಮೇಲೆ ಅಕ್ಕತಂಗಿಯರಿಬ್ಬರು ಕೂತಿದ್ದರು. ಅಕ್ಕನ ತೊಡೆಯ ಮೇಲೆ ಬಂಗಲೆಯೊಂದರ ತೋಟದ ಜಲವರ್ಣ ಚಿತ್ರವಿತ್ತು: ಅಳೆದು ಕತ್ತರಿಸಿದ ಗಿಡಗಳ ಸಾಲು, ನಡುವೆ ಕಾರಂಜಿ.

“ಕಾರಂಜಿಗೆ ಬಿಳಿ ಬಣ್ಣ ಯಾರೇ ಹಚ್ಚಿದ್ದು?”

“ನಾನೇ ಅಕ್ಕ. ನೀನು ಹಚ್ಚೋಕೆ ಮರೆತಿದ್ದೀಯ ಅಂದ್ಕೊಂಡೆ.”

“ನೀರಿಗೆ ಅಂತಲೇ ಕಾಗದ ಖಾಲಿ ಬಿಟ್ಟಿದ್ದೆ, ತಾಯಿ. ಈಗ ಗೋಡೆಗೆ ಸುಣ್ಣ ಬಳಿದ ಹಾಗಿದೆ.”

“ಬಂಗಲೆ ಅಮ್ಮಾವ್ರಿಗೆ ತೋರಿಸಿದೆ, ತುಂಬಾ ಹಿಡಿಸ್ತು. ಇಡೀ ತೋಟ ಬರೆದುಕೊಡು ಅಂದಿದ್ದಾರೆ.”

“ಅದಿರಲಿ, ಕೆಳಗೆ ನಿನ್ನ ಹೆಸರು ಯಾಕಿದೆ?”

ತಂಗಿ ಚೀಲದ ದಾರವನ್ನು ಬೆರಳಿಗೆ ಸುತ್ತತೊಡಗಿದಳು.

“ನೀನು ಹೇಗೂ ಯಾರಿಗೂ ತೋರಿಸ್ತಿರಲಿಲ್ಲವಲ್ಲ.”

“ನಿನಗೆ ತೋರಿಸ್ತಿದ್ದೆ.”

ತಂಗಿ ದಾರ ಬಿಟ್ಟು ಅಕ್ಕನ ಹತ್ತಿರಕ್ಕೆ ಸರಿದಳು.

“ಅಕ್ಕಾ, ನಾಳೆ ಅಮ್ಮಾವ್ರ ಎದುರಿಗೇ ಕೂತು ಬರೀಬೇಕಂತೆ. ನನ್ನ ಕೈಲಿ ಎಲ್ಲಾಗುತ್ತೆ? ನೀನೂ ಬಾ.”

“ಏನಂತ ಬರಲಿ?”

“ಬ್ರಷ್ ತೊಳೆದುಕೊಡೋಳು ಅಂತೀನಿ. ಅವರು ಆಚೆ ಹೋದಾಗ ನೀನು ಬರೆದರಾಯ್ತು.”

“ಎಲ್ಲಾ ಯೋಚಿಸಿ ಇಟ್ಕೊಂಡಿದ್ದೀಯ!”

ಅಂಗಡಿಯವರು “ಮುಂದಿನವರು ಬನ್ನಿ” ಎಂದರು. ಅಕ್ಕ ಎದ್ದು, ಚಿತ್ರವನ್ನು ತಂಗಿಯ ಮಡಿಲಲ್ಲಿ ಮೆಲ್ಲಗೆ ಇಟ್ಟಳು.

“ನಿನ್ನನ್ನೇ ಕರೀತಿದ್ದಾರೆ, ಹೋಗು.”

ಅಷ್ಟೇ ಹೇಳಿ ಮೆಟ್ಟಿಲಿಳಿದು ಹೊರಟುಹೋದಳು. ತಂಗಿ ಬಾಗಿಲವರೆಗೆ ಹೋಗಿ ನೋಡಿದಳು. ಆಮೇಲೆ ತಿರುಗಿ ಬಂದು ಚಿತ್ರವನ್ನು ಮೇಜಿನ ಮೇಲಿಟ್ಟಳು.

“ಬಂಗಾರದ ಬಣ್ಣದ ಫ್ರೇಮ್ ಇದ್ದರೆ ತೋರಿಸಿ,” ಎಂದಳು.