ಅಲ್ವಿನ್ ಕೈಯಲ್ಲಿದ್ದ ಬಿಸ್ಕತ್ತು

ನನ್ನ ಹೆಸರು ಮೇವಿಸ್ ಪಿಂಚ್‌ಬೆಕ್, ವಯಸ್ಸು 58 ವರ್ಷ, ಶಾಲೆಯ ಅಡುಗೆಮನೆಯಲ್ಲಿ ಕೆಲಸ, ವಾಸ ಲಿಂಕನ್ ಪಟ್ಟಣದ ಮಾಂಕ್ಸ್ ರಸ್ತೆಯ ಹಿಂದಿನ ಸಾಲುಮನೆಗಳಲ್ಲಿ. ನಾನು ಹದಿನಾಲ್ಕಕ್ಕೇ ಶಾಲೆ ಬಿಟ್ಟವಳು, ಬರವಣಿಗೆ ಅಷ್ಟಕ್ಕಷ್ಟೇ. ಆದ್ದರಿಂದ ನಾನು ಹೇಳಿದ್ದನ್ನು ಪೊಲೀಸ್ ಅಧಿಕಾರಿಯವರು ಬರೆದುಕೊಂಡಿದ್ದಾರೆ. ಅವರು ಕೇಳಿದ್ದಕ್ಕೆ ನಾನು ಈ ಮೂಲಕ ತಿಳಿಸುವುದೇನೆಂದರೆ:

ನಾನು ಹನ್ನೊಂದು ವರ್ಷಗಳಿಂದ ಹಿತ್ತಾಳೆ ಕೆಟಲ್ ಸಂಘದ ಸದಸ್ಯೆ. ನಮ್ಮದು ಸ್ಟೀಮ್‌ಪಂಕ್ ಸಂಘ, ಎಂದರೆ ಉಗಿಯಂತ್ರದ ಕಾಲದ ಕೋಟು, ಟೋಪಿ, ಗಾಗಲ್ಸ್ ಹಾಕಿಕೊಂಡು ಭಾನುವಾರಗಳಲ್ಲಿ ಸೇರುವವರು. ನಾನು ಗಾಗಲ್ಸ್ ಹಾಕುವುದಿಲ್ಲ, ತಲೆನೋವು ಬರುತ್ತದೆ. ಕರಿ ಏಪ್ರನ್ ಕಟ್ಟಿಕೊಂಡು ಚಹಾ ಮಾಡುತ್ತೇನೆ. ಸಂಘದ ಚಹಾ ಪೂರ್ತಿ ನನ್ನದೇ ಜವಾಬ್ದಾರಿ.

ಸೆಪ್ಟೆಂಬರ್ 2, ಶನಿವಾರ ಮಧ್ಯಾಹ್ನ, ಸ್ಟೀಪ್ ಹಿಲ್ ಇಳಿಜಾರಿನ ಪಕ್ಕದ ಸಭಾಭವನದಲ್ಲಿ ನಮ್ಮ ವಾರ್ಷಿಕ ಚಹಾ ದ್ವಂದ್ವ ಸ್ಪರ್ಧೆ ಇತ್ತು. ಇಬ್ಬರು ಎದುರುಬದುರು ಕೂರಬೇಕು. ತೀರ್ಪುಗಾರರು ಐದು ಎಣಿಸುವವರೆಗೆ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಆಮೇಲೆ ಮೊಣಕೈ ಮೇಜಿಗೆ ಊರಿ ಎತ್ತಿ ಹಿಡಿಯಬೇಕು. ಮುರಿದು ಬಿದ್ದರೆ ಸೋಲು. ಬೀಳುವ ಮೊದಲೇ ತಿನ್ನಬಹುದು, ಆದರೆ ಇಬ್ಬರಲ್ಲಿ ಕೊನೆಗೆ ತಿಂದವರದ್ದೇ ಗೆಲುವು. ತೀರ್ಪುಗಾರರು ಗಂಟೆ ಬಾರಿಸುವವರೆಗೆ ಯಾರೂ ಮಾತಾಡಬಾರದು, ಆಡುವವರನ್ನು ಮುಟ್ಟಬಾರದು. ಇದು ನಮ್ಮಲ್ಲಿ ಬಹಳ ಕಟ್ಟುನಿಟ್ಟು.

ಕೊನೆಯ ಸುತ್ತಿನಲ್ಲಿ ಆಡಿದವರು ಗ್ರಂಥಾಲಯದಲ್ಲಿ ಕೆಲಸ ಮಾಡುವ ಟ್ಯಾಮ್ಸಿನ್ ಲೀಕ್ ಮತ್ತು ಅಲ್ವಿನ್ ಸ್ಕಪ್‌ಹೋಮ್. ಅಲ್ವಿನ್‌ಗೆ 69 ವರ್ಷ, ಬಾಯ್ಲರ್ ಕೆಲಸದಿಂದ ನಿವೃತ್ತರು. ತೀರ್ಪುಗಾರರು ನಮ್ಮ ಅಧ್ಯಕ್ಷ ಡೆಸ್ಮಂಡ್ ಫ್ರೋ.

ಅಲ್ವಿನ್ ಕೂರುವಾಗ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಮುಖ ಬಿಳಚಿಕೊಂಡಂತೆ ನನಗೆ ಕಂಡಿತು. ಹುಷಾರಿದ್ದೀರಾ ಅಂತ ಕೇಳಿದೆ. "ಹುಷಾರಿಲ್ದೆ ಏನು, ಈ ವೇಸ್ಟ್‌ಕೋಟು ಒಂದು ಬಿಗಿ ಅಷ್ಟೆ. ನೀನು ಹೋಗಿ ನೀರು ಕಾಯಿಸು, ಆಂಬುಲೆನ್ಸ್ ಮೇವಿಸ್" ಅಂದರು. ಟ್ಯಾಮ್ಸಿನ್ ನಕ್ಕಳು.

ಆ ಅಡ್ಡಹೆಸರು ಯಾಕೆ ಎಂದು ಅಧಿಕಾರಿಯವರು ಕೇಳಿದರು. ಅಲ್ವಿನ್ ಆಡುವಾಗ ಕಣ್ಣು ಮುಚ್ಚಿ ತಲೆ ಬಗ್ಗಿಸಿ ಕೂರುತ್ತಾರೆ, ಬಿಸ್ಕತ್ತಿಗೆ ಪ್ರಾರ್ಥನೆ ಮಾಡುತ್ತಾರೆ ಎಂದು ಎಲ್ಲರೂ ತಮಾಷೆ ಮಾಡುತ್ತಾರೆ. ಎರಡು ವರ್ಷದ ಹಿಂದೆ ಹಾಗೆ ಕೂತಿದ್ದಾಗ ನಾನು ಹೆದರಿ ಆಂಬುಲೆನ್ಸ್ ಕರೆಯಿರಿ ಎಂದು ಕೂಗಿಬಿಟ್ಟೆ. ಅವರು ಬೆಚ್ಚಿಬಿದ್ದರು, ಬಿಸ್ಕತ್ತು ಬಿತ್ತು, ಗೆಲುವಿನ ಕಪ್ ಕೈತಪ್ಪಿತು. ಇನ್ನು ಮೇಲೆ ಬಾಯಿ ತೆರೆಯುವುದಿಲ್ಲ ಎಂದು ಆಗ ಎಲ್ಲರೆದುರು ಮಾತು ಕೊಟ್ಟಿದ್ದೆ.

ಸಮಯದ ವಿಷಯ. ಭವನದಲ್ಲಿ ಅರವತ್ತು ಜನ ಇದ್ದರು, ಜೇಬುಗಡಿಯಾರಗಳು ಅದಕ್ಕೂ ಜಾಸ್ತಿ. ಡೆಸ್ಮಂಡ್ ಒಬ್ಬರೇ ಮೂರು ತೂಗುಹಾಕಿಕೊಂಡಿದ್ದರು. ಒಂದೂ ನಡೆಯುವುದಲ್ಲ, ಎಲ್ಲ ಅಲಂಕಾರಕ್ಕೆ. ನಡೆಯುವುದು ನನ್ನ ಮರಳುಗಡಿಯಾರ ಮಾತ್ರ. ಬಿಸ್ಕತ್ತು ಅದ್ದಿದ ಕೂಡಲೇ ಗೆಲ್ಲುವವರಿಗೆ ಕೊಡುವ ಚಹಾಕ್ಕೆ ನೀರು ಹೊಯ್ಯುವುದು, ಮರಳು ತಿರುಗಿಸುವುದು ನಮ್ಮ ಪದ್ಧತಿ. ಮರಳು ಇಳಿಯಲು ನಾಲ್ಕು ನಿಮಿಷ ಬೇಕು. ಅದನ್ನು ಮನೆಯ ಗಡಿಯಾರದ ಎದುರು ಇಟ್ಟು ಎಷ್ಟೋ ಸಲ ನೋಡಿದ್ದೇನೆ. ನಂಬಿಕೆ ಬಾರದೆ ನಿನ್ನೆಯೂ ನೋಡಿದೆ.

ಡೆಸ್ಮಂಡ್ ಐದು ಎಣಿಸಿದರು. ನಾನು ನೀರು ಹೊಯ್ದು ಮರಳು ತಿರುಗಿಸಿದೆ. ಗಾಜಿನ ತಳ ಮುಚ್ಚುವಷ್ಟು ಮರಳು ಇಳಿದಿತ್ತೋ ಇಲ್ಲವೋ, ಟ್ಯಾಮ್ಸಿನ್‌ಳ ಬಿಸ್ಕತ್ತು ಬಾಗಿತು, ಅವಳು ಗಬಕ್ಕನೆ ತಿಂದುಬಿಟ್ಟಳು. ಇನ್ನು ಅಲ್ವಿನ್ ತಮ್ಮದನ್ನು ಬಾಯಿಗೆ ಹಾಕಿಕೊಂಡರೆ ಸಾಕಿತ್ತು, ಗೆಲುವು. ಅವರು ಹಾಕಿಕೊಳ್ಳಲಿಲ್ಲ. ತಲೆ ಬಗ್ಗಿಸಿ, ಕಣ್ಣು ಮುಚ್ಚಿ, ಕೈ ಎತ್ತಿಕೊಂಡೇ ಇದ್ದರು. ಆಗ ಅವರ ಮುಂಗೈ ಮೆಲ್ಲಗೆ ತಿರುಗಿ ಬಿಸ್ಕತ್ತಿನ ಒದ್ದೆ ತುದಿ ಮೇಲಾಯಿತು, ಬೇರೆ ಯಾರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ. ಒದ್ದೆ ತುದಿ ಮೇಲಾದರೆ ಬಿಸ್ಕತ್ತು ಬೀಳುವುದಿಲ್ಲ. ನಮ್ಮಲ್ಲಿ ಅದು ಮೋಸ. ಅಲ್ವಿನ್ ಹಾಗೆ ಮಾಡುವವರಲ್ಲ. ಬೇರೆಯವರು ಮಾಡಿದಾಗ ಜಗಳಕ್ಕೆ ನಿಂತವರು ಅವರು.

ನಾನು ಮೂರು ಹೆಜ್ಜೆ ದೂರದಲ್ಲಿ ಕೆಟಲ್ ಹಿಡಿದು ನಿಂತಿದ್ದೆ. ಇದು ಸರಿಯಿಲ್ಲ ಎಂದು ನನಗೆ ಅನ್ನಿಸಿತು. ಆದರೆ ನನಗೆ ಎಲ್ಲದರಲ್ಲೂ ಹಾಗೇ ಅನ್ನಿಸುತ್ತದೆ. ಮನೆ ಬೀಗ ಹಾಕಿದ ಮೇಲೆ ನಾಲ್ಕು ಸಲ ಎಳೆದು ನೋಡುವವಳು ನಾನು. ಹಾಗಾಗಿ ಸುಮ್ಮನಿದ್ದೆ. ಭವನದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಷ್ಟು ಹೊತ್ತು ಯಾರೂ ಬಿಸ್ಕತ್ತು ಹಿಡಿದದ್ದಿಲ್ಲ, ಎಲ್ಲರೂ ಬಿಸ್ಕತ್ತನ್ನೇ ನೋಡುತ್ತಿದ್ದರು. ನಾನು ಒಮ್ಮೆ ಬಿಸ್ಕತ್ತು, ಒಮ್ಮೆ ಮರಳು ನೋಡುತ್ತಿದ್ದೆ.

ಮರಳು ಪೂರ್ತಿ ಇಳಿಯಿತು. ಆಗ ಚಹಾ ಸೊಪ್ಪಿನ ಜಾಲರಿ ತೆಗೆಯಬೇಕು, ಇಲ್ಲದಿದ್ದರೆ ಚಹಾ ಕಹಿಯಾಗುತ್ತದೆ. ತೆಗೆಯದೆ ಡೆಸ್ಮಂಡ್ ಹತ್ತಿರ ಹೋಗಿ, ಅವರು ಕೈ ತಿರುಗಿಸಿದ್ದಾರೆ, ಅಲ್ವಿನ್ ಹಾಗೆ ತಿರುಗಿಸಲ್ಲ ಅಂತ ಪಿಸುಗುಟ್ಟಿದೆ. "ಶ್, ಮತ್ತೆ ಶುರು ಮಾಡ್ಬೇಡ ತಾಯಿ, ದಾಖಲೆ ಆಗ್ತಿದೆ" ಅಂದರು. ಗಂಟೆ ಅವರ ಮುಂದೆ ಇತ್ತು. ತೀರ್ಪುಗಾರರು ಬಿಟ್ಟು ಬೇರೆಯವರು ಅದನ್ನು ಮುಟ್ಟುವಂತಿಲ್ಲ. ನಾನು ತೆಗೆದುಕೊಂಡು ಬಾರಿಸಿದೆ.

ಜನ ಎದ್ದು ಚಪ್ಪಾಳೆ ತಟ್ಟಿದರು. ಟೋಪಿಗಳನ್ನು ಮೇಲಕ್ಕೆ ಎಸೆದರು. ಅಲ್ವಿನ್ ಕಣ್ಣು ತೆರೆಯಲಿಲ್ಲ. ಚಪ್ಪಾಳೆ ಮುಂದಿನ ಸಾಲಿನಲ್ಲಿ ಮೊದಲು ನಿಂತಿತು, ಹಿಂದಿನವರಿಗೆ ಕಾಣದೆ ಅವರು ಇನ್ನೂ ಸ್ವಲ್ಪ ಹೊತ್ತು ತಟ್ಟುತ್ತಿದ್ದರು. ಟ್ಯಾಮ್ಸಿನ್ ಅವರ ಕೈ ಮುಟ್ಟಿ, "ತಣ್ಣಗಿದೆ, ಮೇವಿಸ್, ಇವರ ಕೈ ತಣ್ಣಗಿದೆ" ಅಂದಳು. ಆಂಬುಲೆನ್ಸ್‌ಗೆ ಫೋನ್ ಮಾಡಿದವಳೂ ಅವಳೇ. ಅವರನ್ನು ನೆಲಕ್ಕೆ ಇಳಿಸಿ ಎದೆ ಒತ್ತಬೇಕೆಂದು ಫೋನಿನಲ್ಲಿ ಹೇಳಿದರು. ವೇಸ್ಟ್‌ಕೋಟಿನ ಹಿತ್ತಾಳೆ ಕೊಕ್ಕೆಗಳು ಬಿಚ್ಚಲು ಬರಲಿಲ್ಲ. ನಾನು ಕೇಕ್ ಕೊಯ್ಯುವ ಚಾಕುವಿನಿಂದ ಪಟ್ಟಿ ಕತ್ತರಿಸಿದೆ. ಆ ವೇಸ್ಟ್‌ಕೋಟು ಅವರ ಹೆಂಡತಿ ಇದ್ದಾಗ ಹೊಲಿದು ಕೊಟ್ಟದ್ದು. ಚಾಕು ತಾಗಿ ಆದ ಗೀರು ನನ್ನ ಕೈಯದ್ದು, ಅವರಿಗೆ ತಾಗಿಲ್ಲ ಎಂದುಕೊಂಡಿದ್ದೇನೆ. ಆಂಬುಲೆನ್ಸ್ ಬರುವವರೆಗೆ ಟ್ಯಾಮ್ಸಿನ್ ಎದೆ ಒತ್ತಿದಳು.

ಆಂಬುಲೆನ್ಸ್ ಬೇಗ ಬಂತು. ಬಾಗಿಲಲ್ಲಿದ್ದ ನಮ್ಮವನೊಬ್ಬ ಅದರಲ್ಲಿ ಬಂದ ಹಸಿರು ಉಡುಪಿನ ಹೆಂಗಸನ್ನು ತಡೆದು, "ವೇಷ ಚೆನ್ನಾಗಿದೆ, ಟಿಕೆಟ್ ಎಲ್ಲಿ" ಅಂತ ಕೇಳಿದನಂತೆ. ಅವನದು ತಪ್ಪಿಲ್ಲ, ಅವನಿಗೆ ಒಳಗಿನದು ಗೊತ್ತಿರಲಿಲ್ಲ. ಆಕೆ ಅವನನ್ನು ಪಕ್ಕಕ್ಕೆ ತಳ್ಳಿಕೊಂಡು ಬಂದಳು. ಯಂತ್ರ ಇಟ್ಟು ಎರಡು ಸಲ ಎದೆಗೆ ಕರೆಂಟ್ ಕೊಟ್ಟ ಮೇಲೆ ನಾಡಿ ಸಿಕ್ಕಿತು. ಅವರ ಬೆರಳುಗಳ ನಡುವೆ ಬಿಸ್ಕತ್ತು ಆಗಲೂ ಇತ್ತು. ನಾನು ಬಿಡಿಸಿ ಏಪ್ರನ್ ಜೇಬಿಗೆ ಹಾಕಿಕೊಂಡೆ. ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಸಂಜೆ ಆಸ್ಪತ್ರೆಗೆ ಅಲ್ವಿನ್ ಮಗಳು ಬ್ರಯೋನಿ ಬಂದಳು. ಮಿದುಳಿಗೆ ರಕ್ತ ಹೋಗದೆ ಎಷ್ಟು ಹೊತ್ತಾಯಿತು ಎನ್ನುವುದರ ಮೇಲೆ ಎಲ್ಲ ನಿಂತಿದೆ ಎಂದು ವೈದ್ಯರು ಅವಳಿಗೆ ಹೇಳಿದ್ದರು. ನಾನೂ ಡೆಸ್ಮಂಡ್ ಕೂಡ ಅಲ್ಲೇ ಕಾಯುತ್ತಿದ್ದೆವು, ಅವರು ಇನ್ನೂ ವೇಷದ ಟೋಪಿಯಲ್ಲೇ ಇದ್ದರು. ಅವಳು ನಮ್ಮನ್ನು ನೋಡಿ, "ನಮ್ಮಪ್ಪ ಅಲ್ಲಿ ಕೂತಲ್ಲೇ ಸಾಯ್ತಾ ಇದ್ರೆ ನೀವು ಎಷ್ಟೊತ್ತು ನೋಡ್ತಾ ಕೂತಿದ್ರಿ?" ಅಂದಳು. ಡೆಸ್ಮಂಡ್, ಒಂದು ನಿಮಿಷವೂ ಆಗಿರಲಿಲ್ಲ ಅಂತ ಹೇಳಿದರು. ಅವಳು ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ.

ಆಮೇಲೆ ಹೊರಗೆ ಡೆಸ್ಮಂಡ್ ನನಗೆ ಹೇಳಿದ್ದು: "ನೋಡು ಮೇವಿಸ್, ಪೊಲೀಸ್ರು ಕೇಳ್ತಾರೆ. ಒಂದು ನಿಮಿಷ ಅಂದ್ಬಿಡು. ನಿಜ ಹೇಳಿದ್ರೆ ಅವನು ಎದ್ದು ಕೂರ್ತಾನಾ? ಭವನ ಕೊಡಲ್ಲ ಅಂತಾರೆ, ಸಂಘ ಮುಚ್ಚುತ್ತೆ. ಆಮೇಲೆ ಭಾನುವಾರಗಳು ನೀನೆಲ್ಲಿಗೆ ಹೋಗ್ತೀಯ?" ಡೆಸ್ಮಂಡ್ ಕೆಟ್ಟವರಲ್ಲ. ನಾನು ಹೂಂ ಅಂದೆ. ಬಸ್ಸಿನಲ್ಲಿ ಮನೆಗೆ ಬರುವವರೆಗೂ ಒಂದು ನಿಮಿಷ, ಒಂದು ನಿಮಿಷ ಎಂದುಕೊಳ್ಳುತ್ತಾ ಬಂದೆ. ಬಾಯಿಗೆ ಬಂತು, ತಲೆಗೆ ಬರಲಿಲ್ಲ.

ಆದ್ದರಿಂದ ಅಧಿಕಾರಿಯವರಿಗೆ ಹೇಳುತ್ತಿರುವುದು ಇಷ್ಟು. ಬಿಸ್ಕತ್ತು ಅದ್ದಿದಾಗಿನಿಂದ ನಾನು ಗಂಟೆ ಬಾರಿಸುವವರೆಗೆ ನಾಲ್ಕು ನಿಮಿಷ ತುಂಬಿ ಸ್ವಲ್ಪ ಮೇಲಾಗಿತ್ತು. ಅಲ್ವಿನ್ ಕೈ ತಿರುಗಿದ್ದು ಮೊದಲ ನಿಮಿಷದಲ್ಲೇ. ನಡುವಿನ ಮೂರು ನಿಮಿಷ ನಾವು ಅರವತ್ತು ಜನ ಮರ್ಯಾದೆಯಿಂದ ಸುಮ್ಮನೆ ಕೂತಿದ್ದೆವು. ನೋಡಿ ಗೊತ್ತಾದವಳು ನಾನೊಬ್ಬಳೇ. ಈ ಹೊತ್ತಿಗೂ ಅವರಿಗೆ ಎಚ್ಚರ ಬಂದಿಲ್ಲ. ಹೊತ್ತು ಎಷ್ಟೆಂದು ವೈದ್ಯರಿಗೂ ಬ್ರಯೋನಿಗೂ ಇಂದೇ ತಿಳಿಸಬೇಕೆಂದು ಕೋರುತ್ತೇನೆ. ನಾನೇ ಹೋಗಿ ಹೇಳುತ್ತೇನೆ ಎಂದು ಬೆಳಿಗ್ಗೆ ಅವಳ ಮನೆಯ ಬಾಗಿಲವರೆಗೆ ಹೋಗಿ ವಾಪಸು ಬಂದೆ.

ಬಿಸ್ಕತ್ತನ್ನು ತಗಡಿನ ಡಬ್ಬಿಯಲ್ಲಿ ತಂದು ಒಪ್ಪಿಸಿದ್ದೇನೆ. ಈಗ ಎರಡು ತುಂಡಾಗಿದೆ, ಇಲ್ಲಿಗೆ ಬರುವಾಗ ಚೀಲದಲ್ಲಿ ಮುರಿಯಿತು. ಅಲ್ವಿನ್ ಕೈಯಲ್ಲಿದ್ದಾಗ ಅದು ಇಡಿಯಾಗಿತ್ತು. ಅವರು ಸೋತಿರಲಿಲ್ಲ, ಮೋಸವನ್ನೂ ಮಾಡಲಿಲ್ಲ. ಇದನ್ನೂ ಬರೆದುಕೊಳ್ಳಬೇಕು ಎಂದೆ, ಬರೆದುಕೊಂಡರು.

ಈ ಹೇಳಿಕೆಯನ್ನು ನನಗೆ ಎರಡು ಸಲ ಓದಿ ಹೇಳಿದರು, ಎರಡನೆಯದು ನಾನು ಕೇಳಿಕೊಂಡಿದ್ದಕ್ಕೆ. ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ, ನನಗೆ ತಿಳಿದ ಮಟ್ಟಿಗೆ ಎಲ್ಲವೂ ನಿಜ. ನಾಲ್ಕು ನಿಮಿಷ ಎಂದು ಬರೆದಿರುವ ಜಾಗ ಯಾವುದೆಂದು ಕೇಳಿ, ಅಲ್ಲೇ ಬೆರಳಿಟ್ಟು ನೋಡಿ, ಆಮೇಲೆ ಕೆಳಗೆ ಸಹಿ ಹಾಕಿದ್ದೇನೆ.

ಸ್ಥಳ: ಲಿಂಕನ್
ದಿನಾಂಕ: ಸೆಪ್ಟೆಂಬರ್ 4, ಸೋಮವಾರ

(ಸಹಿ) ಮೇವಿಸ್ ಪಿಂಚ್‌ಬೆಕ್