ಒಣಗಿಸಿ ಮಡಗಿದ ದೋಣಿ

ನಗ್ಬೇಡ್ರೋ, ಈ ಖಾಲಿ ಕ್ಯಾನು ಸೊಂಟಕ್ಕೆ ಕಟ್ಕಂಡು ದೋಣಿ ಏರೋದು ಸುಮ್ ಸುಮ್ನೆ ಅಲ್ಲ, ನಂಗೆ ಇವತ್ತಿಗೂ ಈಜು ಬರಲ್ಲ. ಎಲ್ಲಿಂದ ಬರ್ಬೇಕು? ನಾನು ಈ ಊರಿಗೆ ಸೊಸೆಯಾಗಿ ಬಂದಾಗ್ನಿಂದ ಕೆರೆ ಅಂದ್ರೆ ಮೇಕೆ ಮೇಯೋ ಬಯಲು ಕಣ್ರೋ. ಬರೀ ಸೀಮೆಜಾಲಿ. ನಮ್ ಒಲ ಇರೋದು ಕೆರೆ ಆಚೆ ದಡದಾಗೆ, ಅಲ್ವಾ, ಕೆರೆ ನಡುವಿನ್ ದಿಬ್ಬದ್ ಮ್ಯಾಲಿಂದ್ಲೇ ಸೀದಾ ನಡ್ಕಂಡು ಓಗಿ ಉಲ್ಲು ಕುಯ್ಕಂಡು ಎಲೆ ಅಡಿಕೆ ಆಕ್ಕಂಡು ಮುಗಿಸೋ ಒತ್ಗೆ ಮನೇಲಿ ಇರ್ತಿದ್ದೆ. ಆಮೇಲೆ ಪೈಪ್ನಾಗೆ ನೀರು ಬಿಟ್ರು, ಮೇಲಿಂದ ಮಳೆನೂ ಒಡೀತು, ಕೆರೆ ತುಂಬ್ಕಂತು. ಊರೋರೆಲ್ಲಾ ಕಟ್ಟೆ ಮ್ಯಾಲೆ ನಿಂತು ಬಾಗಿನ ಬಿಟ್ರು. ನಾನೂ ಬಿಟ್ಟೆ. ಬಿಟ್ಟು ಕಣ್ಣೆತ್ತಿ ನೋಡ್ತೀನಿ, ನಾನು ನಡೀತಿದ್ದ ದಾರಿನೇ ಇಲ್ಲ! ಒಲಕ್ಕೆ ಓಗ್ಬೇಕು ಅಂದ್ರೆ ಕಟ್ಟೆ ಬಳಸಿ, ತೂಬು ದಾಟಿ, ಪಕ್ಕದೂರಿನ ಮುಂದಾಸಿ ಓಗ್ಬೇಕು. ತಲೆ ಮ್ಯಾಲೆ ಉಲ್ಲಿನ ಒರೆ. ಮಂಡಿ ಅಂತೂ ರಾತ್ರಿಯೆಲ್ಲಾ ಚುಳುಚುಳು.

ನಿಮ್ ತಾತ ಒಂದಿನ ಊಟಕ್ಕೆ ಕೂತೋನು ತುತ್ತು ಕೈನಾಗೆ ಇಟ್ಕಂಡೇ ಅಂದ, "ಲೇ, ಕೆಂಪಿನ ಕೊಟ್ಬಿಡಾಣ. ನಿನ್ ಮಂಡಿ ಓಯ್ತು ಅಂದ್ರೆ ಅಸಾನೂ ಇಲ್ಲ, ನೀನೂ ಇಲ್ಲ. ದಳ್ಳಾಳಿಗೆ ಯೋಳಿದ್ದೀನಿ." ಕೆಂಪಿ ಅಂದ್ರೆ ಏನು ಅಂದ್ಕಂಡ್ರಿ, ತಾಯಿ ಈದಿದ್ ದಿನವೇ ಸತ್ತೋಗಿ, ನನ್ ಮಡ್ಲಾಗೆ ತಲೆ ಇಟ್ಕಂಡು ಬಾಟ್ಲಿ ಆಲು ಕುಡಿದು ಬೆಳೆದೋಳು. ನನ್ ಕೆಮ್ಮು ಕೇಳಿದ್ರೆ ಕೊಟ್ಗೆಯಿಂದ ಅಂಬಾ ಅಂತಾಳೆ. ನಾನು ಅವತ್ತು ಉಣ್ಣಲಿಲ್ಲ. ಸುಳ್ಳು ಯಾಕೆ ಯೋಳ್ಲಿ, ಸೆರಗು ಬಾಯಿಗೆ ಇಟ್ಕಂಡು ಅತ್ತೆ. ಅತ್ತು ಮುಗಿದ್ ಮ್ಯಾಲೆ ಅಂದೆ, "ಆಷಾಢ ಕಳೀಲಿ, ಶ್ರಾವಣಕ್ಕೆ ನೋಡಾಣ. ಅಷ್ಟ್ರಾಗೆ ನಾನೊಂದು ದಾರಿ ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ಅಗ್ಗ ನಾನೇ ಬಿಚ್ಚಿ ಕೊಡ್ತೀನಿ." ನಿಮ್ ತಾತ ಒಪ್ಕಂಡ. ನಾನು ದೋಣಿ ತತ್ತೀನಿ ಅಂತ ಅವ್ನಿಗೇನು ಗೊತ್ತು!

ದೋಣಿ ಎಲ್ಲಿ ಸಿಕ್ತು ಅಂದ್ರೆ, ಗಡಿ ಆಚೆ, ತಮಿಳುನಾಡಿನಾಗೆ ಒಂದು ಡ್ಯಾಮ್ ಅತ್ರ. ನಮ್ ಪಕ್ಕದ್ ಮನೆ ಮುನಿರಾಜು ಅಲ್ಲಿಗೆ ಟೊಮಾಟೊ ಲೋಡು ಒಡೀತಾನಲ್ಲ, ಅವ್ನೇ ನೋಡ್ಕಂಡು ಬಂದ. ಮೀನು ಇಡಿಯೋ ಒಬ್ಬ ಮುದುಕಂದು, ಮರದ್ದು, ವಯಸ್ಸಾತು ಅಂತ ಮಾರ್ತಿದ್ದ. ನಾನೂ ಗಾಡಿ ಅತ್ಕಂಡು ಓದೆ. ಅಲಗೆಗೆ ಗುದ್ದಿ ನೋಡ್ದೆ, ಕಿವಿ ಇಟ್ಟು ಕೇಳ್ದೆ, ಎತ್ತಿನ್ ಬಾಯಿ ಬಿಚ್ಚಿ ಅಲ್ಲು ನೋಡ್ದಂಗೆ ಎಲ್ಲಾ ನೋಡ್ದೆ. ಏನು ನೋಡ್ಬೇಕು ಅಂತ್ಲೇ ಗೊತ್ತಿರ್ಲಿಲ್ಲ ಬಿಡಿ! ಆ ಮುದುಕ ದೋಣಿ ಬೆನ್ನು ಸವರ್ತಾ ತಮಿಳ್ನಾಗೆ ಅಂದ, "ಪಾಟಿ, ಇದೆ ತಣ್ಣೀಲೇಯೇ ವೈಯ್ಯುಂಗ." ಅಜ್ಜಿ, ಇದನ್ನ ನೀರ್ನಾಗೇ ಮಡಗಿ ಅಂತ. ಅರ್ಥ ಚೆನ್ನಾಗೇ ಆಯ್ತು ನಂಗೆ. "ಸರಿ ಸರಿ" ಅಂತ ತಲೆ ಆಡಿಸ್ದೆ. ಒಳಗೊಳಗೇ ಅಂದ್ಕಂಡೆ, ಇವ್ನಿಗೇನು ಬುದ್ಧಿ ಐತಾ, ಮರಾನ ಯಾರಾದ್ರೂ ನೀರ್ನಾಗೆ ಬಿಡ್ತಾರಾ, ಕೊಳೆತೋಗಲ್ವಾ?

ತರೋವಾಗಿನ್ ಕತೆ ಬ್ಯಾರೆ. ಮುನಿರಾಜುಗೆ ರಾಬರ್ಟ್‌ಸನ್‌ಪೇಟೆನಾಗೆ ಯಾರ್ದೋ ಖಾಲಿ ಕ್ರೇಟು ಕೊಡೋದಿತ್ತು, ಅದ್ಕೆ ಗಾಡಿನ ಮಾರ್ಕೆಟ್ ಒಳಗೇ ನುಗ್ಗಿಸ್ಬಿಟ್ಟ. ದೋಣಿ ಮ್ಯಾಲೆ ಮಕ ಎತ್ಕಂಡು ನಿಂತೈತೆ, ಪಕ್ಕದಾಗೆ ನಾನು ಅಗ್ಗ ಇಡ್ಕಂಡು ಕುಂತಿದ್ದೀನಿ. ಊವಿನ್ ಅಂಗಡಿಯೋಳು ಕೂಗ್ತಾಳೆ, "ಅಮ್ಮೋ, ಸಮುದ್ರಂ ಎಕ್ಕಡ?" ಸಮುದ್ರ ಎಲ್ಲೈತೆ ಅಂತ. ಆಟೋದೋರೆಲ್ಲಾ ಓರ್ನ್ ಒಡೀತಾರೆ. ಒಬ್ಬ ಪೊಲೀಸಪ್ಪ ಅಡ್ಡ ನಿಲ್ಸಿ, "ಏನಮ್ಮಾ ಇದು? ಇದ್ಕೆ ಆರ್.ಸಿ. ಎಲ್ಲಿ?" ಅಂದ. ನಾನು, "ಸ್ವಾಮಿ, ಇದ್ಕೆ ಚಕ್ರನೇ ಇಲ್ಲ, ಆರ್.ಸಿ. ಯಾರು ಕೊಡ್ತಾರೆ?" ಅಂದೆ. ಅವ್ನೂ ನಕ್ಕು ಬಿಟ್ಟ. ಮನೆಗೆ ಬಂದ್ರೆ ನಿಮ್ ತಾತ ನಗ್ಲಿಲ್ಲ. ದೋಣಿ ಸುತ್ತ ಮೂರು ಸುತ್ತು ಬಂದು, "ಇನ್ನು ಇದ್ಕೂ ಉಲ್ಲು ಆಕ್ಬೇಕಾ?" ಅಂದ, ಅಷ್ಟೇ.

ಆಮೇಲೆ ಆಷಾಢ ಬಂತಲ್ಲ, ಆಷಾಢದಾಗೆ ಒಸಾದು ಶುರು ಮಾಡ್ತಾರಾ? ಇಲ್ಲ. ದೋಣಿನ ಕೊಟ್ಗೆ ಪಕ್ಕದ ಚಪ್ಪರದ್ ಕೆಳಗೆ ಮಡಗ್ದೆ. ನಮ್ಮಪ್ಪನ ಅತ್ರ ಎತ್ತಿನ್ ಬಂಡಿ ಇತ್ತು, ಅವ್ನು ಅದನ್ನ ಒಂದಿನ ಮಳೇಲಿ ನೆನೆಯಾಕೆ ಬಿಟ್ಟೋನಲ್ಲ. ನಾನೂ ಅಂಗೇ, ಗೆದ್ಲು ಅತ್ತದಂಗೆ ನಾಕು ಕಲ್ಲಿನ್ ಮ್ಯಾಲೆ ಎತ್ತಿ ಕೂರ್ಸಿ, ಟಾರ್ಪಾಲು ಒದಿಸಿ, ದಿನಾ ಒಣ ಬಟ್ಟೆನಾಗೆ ಒರಸ್ತಿದ್ದೆ. ನಿಮ್ಮಮ್ಮನ್ನೂ ಅಂಗೆ ಸಾಕಲಿಲ್ಲ ನಾನು! ಆಷಾಢದ್ ಗಾಳಿ ಗೊತ್ತಲ್ಲ, ನಮ್ ಕಡೆ ಅಂತೂ ಒಣಾಕಿದ್ ಸೀರೆ ಪಕ್ಕದೂರಿಗೆ ಓಯ್ತದೆ. ತಿಂಗ್ಳು ಪೂರ್ತಿ ಆ ಗಾಳಿ ಕುಡೀತು ದೋಣಿ. ಅಲಗೆ ಅಲಗೆ ನಡುವೆ ಸಣ್ಣ ಗೀಟು ಬಿಟ್ಟಿತ್ತು. ನೋಡ್ದೆ. ನೋಡಿ, ಆಹಾ, ಚೆನ್ನಾಗಿ ಒಣಗೈತೆ ಅಂತ ಖುಷಿ ಪಟ್ಟೆ ಕಣ್ರೋ, ಖುಷಿ ಪಟ್ಟೆ!

ಶ್ರಾವಣ ಮೊದಲ್ನೇ ಸ್ವಾಮಾರ... ಅಲ್ಲಲ್ಲ, ಶುಕ್ರವಾರ, ಅವತ್ತು ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಚಕ್ರ ಇಲ್ದಿದ್ರೂ ಕೆಳಗೊಂದು ನಿಂಬೆಣ್ಣು ಇಟ್ಟು ತಳ್ಳಿದ್ವಿ. ನಾನು ಉಲ್ಲು ಕುಯ್ಯೋ ಕುಡ್ಲು ಇಡ್ಕಂಡು ಮುಂದೆ, ನಿಮ್ ತಾತ ಬಿದಿರು ಗಳ ಇಡ್ಕಂಡು ಇಂದೆ. ಒಂದ್ ಸುತ್ತು ಗಿರ್ರಂತ ತಿರುಗ್ತು, ಆಮೇಲೆ ಓಯ್ತು ಮುಂದಕ್ಕೆ. ದಡದಾಗೆ ಎಲ್ರೂ ಚಪ್ಪಾಳೆ. ಕೆರೆ ನಡೂಕೆ ಓಗೋ ಒತ್ಗೆ ನನ್ ಪಾದ ತಣ್ಣಗಾತು. ನೋಡ್ತೀನಿ, ಒಂದ್ ಕಡೆಯಿಂದಲ್ಲ, ಎಲ್ಲಾ ಗೀಟ್ನಾಗೂ ನೀರು ಬತ್ತೈತೆ! "ಲೇ, ಮುಚ್ಚೇ!" ಅಂತಾನೆ ನಿಮ್ ತಾತ. "ಎಷ್ಟು ಅಂತ ಮುಚ್ಲಿ, ನಂಗಿರೋದು ಎರಡೇ ಕೈ!" ಸೆರಗು ತುರುಕ್ದೆ, ಅವ್ನ ಟವಲ್ ತುರುಕ್ದೆ, ನೀರು ಮೊಣಕಾಲಿಗೆ ಬಂತು. ದೋಣಿ ಕೆಳಕ್ಕೆ ಕೆಳಕ್ಕೆ. ನೀರ್ನಾಗೆ ಮುಳುಗಿರೋ ಸೀಮೆಜಾಲಿ ತುದಿ ಒಂದು ಕಾಣ್ತು, ಇಬ್ರೂ ಅದನ್ನೇ ತಬ್ಕಂಡ್ವಿ. ಮುಳ್ಳು! ಅಯ್ಯೋ ದೇವುಡಾ, ಆ ಮುಳ್ಳು! ಆದ್ರೂ ಬಿಡ್ಲಿಲ್ಲ. ಸತ್ತೆ ಅಂದ್ಕಂಡೆ ಕಣ್ರೋ, ನಿಜವಾಗ್ಲೂ. ಕೆಂಪಿಗೆ ಸಂಜೆ ನೀರು ಯಾರು ಇಡ್ತಾರೆ ಅಂತ, ಅದೊಂದೇ ತಲೇಲಿ. ಅಷ್ಟ್ರಾಗೆ ದೋಣಿ ದಬ್ ಅಂತ ನೆಲಕ್ಕೆ ಕುಂತ್ಕಂತು. ನೀರು ನನ್ ಎದೆಮಟ್ಟಕ್ಕೆ ನಿಂತೋಯ್ತು. ನಾವು ನಿಂತಿದ್ದದ್ದು ನಾನು ದಿನಾ ಓಡಾಡ್ತಿದ್ದ ಅದೇ ದಿಬ್ಬದ್ ಮ್ಯಾಲೆ! ನಿಮ್ ತಾತ ನನ್ ಮಕ ನೋಡ್ದ, ನಾನು ಅವ್ನ ಮಕ ನೋಡ್ದೆ. ಇಬ್ರಿಗೂ ನಗು ಬಂತು, ನಗ್ತಾ ನಗ್ತಾನೇ ಅವ್ನು ಅತ್ಬಿಟ್ಟ. ಮುನಿರಾಜು ಲಾರಿ ಟ್ಯೂಬಿನ್ ಮ್ಯಾಲೆ ಬಂದು ನಮ್ಮಿಬ್ರನ್ನೂ ದಡಕ್ಕೆ ಎಳ್ಕಂಡೋದ.

ದೋಣಿ ಅಲ್ಲೇ ನೀರ್ನಾಗೆ ಉಳೀತು. ಊರ್ನಾಗೆ ನಗ್ದೇ ಇದ್ದೋರು ಯಾರೂ ಇಲ್ಲ. ನಿಮ್ ತಾತ ಒಬ್ನೇ ನಗ್ಲಿಲ್ಲ, ಮೆತ್ತಗೆ ಅಂದ, "ಮುಂದಿನ್ ವಾರ ಶನಿವಾರ ದಳ್ಳಾಳಿ ಬತ್ತಾನೆ." ನಾನು ಊ ಅಂದೆ. ಮಾತು ಕೊಟ್ಟಿದ್ದೆನಲ್ಲ. ವಾರ ಪೂರ್ತಿ ಕೆಂಪಿ ಮೈ ಉಜ್ಜಿದ್ದೇ ಉಜ್ಜಿದ್ದು. ಶುಕ್ರವಾರ ಬೆಳಿಗ್ಗೆ ಅವ್ಳ ಕುಡಿಯೋ ತೊಟ್ಟಿ ತೊಳೀತಾ ಕುಂತಿದ್ದೆ, ತೊಟ್ಟಿನಾಗೆ ನೆನೆಯಾಕೆ ಬಿಟ್ಟಿದ್ದ ಕುಡ್ಲು ಕಾಣ್ತು. ಮರದ್ ಇಡಿ ಸಡಿಲ ಆಗಿತ್ತು ಅಂತ ನಾನೇ ಗುರುವಾರ ಆಕಿದ್ದೆ. ಎತ್ತಿ ಅಲ್ಲಾಡಿಸ್ದೆ. ಗಟ್ಟಿ! ಮರ ಉಬ್ಬಿ ಇಡ್ಕಂಡಿತ್ತು. ಆಗ ನಮ್ಮಪ್ಪ ಕಣ್ ಮುಂದೆ ಬಂದ. ಬಂಡೀನ ಮಳೆಗೆ ಬಿಡ್ತಿರ್ಲಿಲ್ಲ ಅಂದ್ನಲ್ಲ, ಅದೇ ಅಪ್ಪ, ಬೇಸಿಗೇನಾಗೆ ಚಕ್ರದ್ ಮರ ಸೊರಗಿ ಕಬ್ಬಿಣದ್ ಪಟ್ಟಿ ಲೊಡಲೊಡ ಅಂದ್ರೆ, ಚಕ್ರ ಬಿಚ್ಚಿ ಉಳ್ಳಿಸ್ಕಂಡು ಓಗಿ ಊರ್ ಪಕ್ಕದ್ ಸಣ್ಣ ಕುಂಟೆ ನೀರ್ನಾಗೆ ಮುಳುಗಿಸಿ ಬರ್ತಿದ್ದ! ಅರ್ಧ ಕಂಡಿದ್ದೆ, ಅರ್ಧ ಮರ್ತಿದ್ದೆ. ದೋಣಿನೂ ವಾರದಿಂದ ನೀರ್ನಾಗೇ ನೆನೀತೈತಲ್ಲ! ಕುಡ್ಲು ಇಡ್ಕಂಡೇ ಓಡ್ದೆ, ಮಂಡಿನೂ ನೆನಪಾಗ್ಲಿಲ್ಲ. "ಮುನಿರಾಜೂ, ಅಗ್ಗ ತಗಳ್ಲಾ, ಟ್ರ್ಯಾಕ್ಟರ್ ತಗಳ್ಲಾ!" ಎಳೆದು ದಡದ್ ಅತ್ರ ತಂದ್ವಿ, ಬಕೇಟ್ನಾಗೆ ನೀರೆಲ್ಲಾ ಮೊಗೆದು ಚೆಲ್ಲಿದ್ವಿ, ನಿಂತು ನೋಡಿದ್ವಿ. ಎಲೆ ಅಡಿಕೆ ಆಕ್ಕಂಡು ಉಗಿಯೋವರ್ಗೂ ನೋಡಿದ್ವಿ. ಒಂದು ತೊಟ್ಟು ನೀರು ಒಳಗೆ ಬರ್ಲಿಲ್ಲ ಕಣ್ರೋ. ಒಂದು ತೊಟ್ಟು!

ಶನಿವಾರ ದಳ್ಳಾಳಿ ಬಂದ. ಮನೇಲಿ ಯಾರೂ ಇಲ್ಲ. ಕೆರೆ ಕಡೆ ಬಂದು ನೋಡ್ತಾನೆ, ನಿಮ್ ತಾತ ಗಳ ಊರ್ತಾ ಬತ್ತಾವ್ನೆ, ದೋಣಿ ತುಂಬಾ ಅಸಿ ಉಲ್ಲು, ಉಲ್ಲಿನ್ ಮ್ಯಾಲೆ ನಾನು ಸೊಂಟಕ್ಕೆ ಕ್ಯಾನು ಕಟ್ಕಂಡು ಕುಂತಿದ್ದೀನಿ. "ಅಸ ಎಲ್ಲಮ್ಮಾ?" ಅಂದ. ನಾನು ಬಾಯಿ ಬಿಡೋಕೆ ಮುಂಚೇನೇ ನಿಮ್ ತಾತ ಅಂದ, "ಕೊಡಲ್ಲಪ್ಪೋ, ಓಗು. ಕಾಪಿ ಕುಡ್ಕಂಡು ಓಗು." ಆ ಮಾತು ಕೇಳಿ ನನ್ ಎದೆ ಮ್ಯಾಲಿಂದ ಬಂಡೆ ಇಳಿಸ್ದಂಗಾತು. ಅವತ್ತೇ ಆ ಡ್ಯಾಮಿನ್ ಮುದುಕಂಗೆ ಫೋನ್ ಮಾಡಿಸ್ದೆ. ಎಲ್ಲಾ ಕೇಳಿ ಅವ್ನು ನಗ್ಲಿಲ್ಲ, "ನಾನ್ ಅನ್ನೈಕ್ಕೇ ಸೊನ್ನೇನೇ, ಪಾಟಿ" ಅಂದ. ಅವತ್ತೇ ಯೋಳಿದ್ನಲ್ಲ ಅಂತ. ಯೋಳಿದ್ದ, ಪಾಪ. ಅದ್ಕೇ ಮಕ್ಳಾ, ಯಾವ್ದುನ್ನೇ ಆಗ್ಲಿ ಮನೆಗೆ ತಂದ್ರೆ ಬರೀ ಪ್ರೀತಿ ಮಾಡಿದ್ರೆ ಸಾಲ್ದು, ಅದ್ಕೆ ಏನು ಬೇಕು ಅಂತ ಸಾಕಿದೋರು ಯೋಳ್ತಾರೆ, ಅದನ್ನ ಕೇಳ್ಬೇಕು. ತಲೆ ಆಡಿಸೋದಲ್ಲ, ಕೇಳ್ಬೇಕು. ಏಳಿ ಮ್ಯಾಲಕ್ಕೆ, ಕೆಂಪಿ ಕೂಗ್ತಾವ್ಳೆ.